ತಲೆಕೆಳಗಾದ ಎಲೆಗಳ ಬಟ್ಟೆ

ಫಹಾಹೀಲ್, ಕುವೈತ್
೧೪ ಜೂನ್ ೨೦೧೪, ಶನಿವಾರ

ಪ್ರೀತಿಯ ಸೈನಬಾ,

ನಿನಗೆ ಸಲಾಂ. ಮಂಡಿನೋವು ಹೇಗುಂಟು? ಮಗಳು ತಂದುಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲಾ ಬಾಟಲಿಯನ್ನು ಕಪಾಟಿನಲ್ಲಿಟ್ಟು ನೋಡುತ್ತಾ ಕುಳಿತರೆ ಗುಣವಾಗುತ್ತದೆ ಎಂದುಕೊಂಡಿದ್ದೀಯೋ? ನನ್ನ ಸಕ್ಕರೆ ಹತೋಟಿಯಲ್ಲಿದೆ. ಹಾಗೆಂದು ಯಂತ್ರ ಹೇಳುತ್ತದೆ. ನಾನು ಹೇಳಿದರೆ ನಿನ್ನ ಮಗ ನಂಬುವುದಿಲ್ಲ. ಫೋನ್ ಇರುವಾಗ ಈ ಮನುಷ್ಯ ಕಾಗದ ಯಾಕೆ ಬರೆದ ಎಂದು ಲಕೋಟೆ ನೋಡಿದ ಕೂಡಲೇ ನಿನ್ನ ಎದೆ ಹೊಡೆದುಕೊಂಡಿರಬೇಕು. ಏನು ಮಾಡುವುದು, ಫೋನಿನಲ್ಲಿ ನಿನ್ನ ಪಕ್ಕ ಮಗಳಿರುತ್ತಾಳೆ, ಅಳಿಯ ಇರುತ್ತಾನೆ, ಮೊಮ್ಮಕ್ಕಳು ಸ್ಪೀಕರ್ ಒತ್ತುತ್ತಾರೆ. ಇದು ನಿನ್ನ ಒಬ್ಬಳ ಕಣ್ಣಿಗೆ. ಪಕ್ಕದ ಅಂಗಡಿಯ ಟೈಲರ್ ರೋಕ್ ಸೋಮವಾರ ಊರಿಗೆ ಹೊರಟಿದ್ದಾನೆ. ನಿನ್ನ ಕೈಗೇ ಕೊಡುತ್ತೇನೆಂದು ಶಿಲುಬೆ ಮುಟ್ಟಿ ಹೇಳಿದ್ದಾನೆ.

ವಿಷಯ ನಮ್ಮ ಮಗ ಅಜ್ಮಲನ ಮದುವೆಯದ್ದು. ಹುಡುಗಿ ಫರ್ಸಾನಾ ಒಳ್ಳೆಯವಳು, ಮನೆಯವರು ಒಳ್ಳೆಯವರು, ಮಾತುಕತೆಯೂ ಮುಗಿಯಿತು. ಆದರೆ ಈ ಮದುವೆ ಆಗಬಹುದೋ ಇಲ್ಲವೋ ಎಂದು ಹೇಳಬಲ್ಲವರು ಈಗ ಇಡೀ ಲೋಕದಲ್ಲಿ ಒಬ್ಬರೇ ಇದ್ದಾರೆ, ಅವರು ಮಂಡಿಗೆ ಎಣ್ಣೆ ಹಚ್ಚದೆ ಕುಳಿತಿದ್ದಾರೆ. ಕೂತುಕೊಂಡು ಓದು.

ನಿನ್ನೆ ಶುಕ್ರವಾರ ನಾನೂ ಅಜ್ಮಲನೂ ಮಿರ್ಕಾಬಿಗೆ, ಹುಡುಗಿಯ ತಂದೆ ಕಾಸಿಂ ಕುಂಞಿಯ ಫ್ಲ್ಯಾಟಿಗೆ ಹೋದೆವು. ಬೆಳಿಗ್ಗೆಯಿಂದಲೇ ಧೂಳು ಎದ್ದಿತ್ತು. ನಡುಹಗಲಿನಲ್ಲಿ ಕಾರುಗಳು ದೀಪ ಹಾಕಿಕೊಂಡು ಹೋಗುತ್ತಿದ್ದವು, ಆಕಾಶ ಹಳೆಯ ತಾಮ್ರದ ಚೆಂಬಿನ ಬಣ್ಣ. ಒಳಗೆ ಮಾತ್ರ ಹಬ್ಬ. ಬಿರಿಯಾನಿ ಬಂತು, ಫರ್ಸಾನಾ ಬಂದು ಸಲಾಂ ಹೇಳಿದಳು. ಕನ್ನಡಕ ಹಾಕುತ್ತಾಳೆ, ಇಲ್ಲಿನ ಇಂಡಿಯನ್ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಮಕ್ಕಳಿಗೆ ಮೊದಲ ಪಾಠ ಏನು ಹೇಳಿಕೊಡುತ್ತೀ ಮಗಳೇ ಎಂದು ಕೇಳಿದೆ. "ಟೀಚರ್ ಹೇಳಿದ್ರು ಅಂತ ನಂಬಬಾರ್ದು, ನೀವೇ ಮಾಡಿ ನೋಡ್ಬೇಕು ಅಂತ" ಎಂದಳು. ನಿನ್ನ ಮಗ ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಮಾಡುವುದೂ ಅದನ್ನೇ. ಇಬ್ಬರೂ ಆಗಲೇ ತಮ್ಮ ರಕ್ತ ಪರೀಕ್ಷೆ ಮಾಡಿಸಿಕೊಂಡಿದ್ದಾರಂತೆ, ಯಾವ ತೊಂದರೆಯೂ ಇಲ್ಲವಂತೆ. ನಮ್ಮ ಕಾಲದಲ್ಲಿ ನಿನ್ನ ತಂದೆ ನನ್ನ ಬಗ್ಗೆ ಮಸೀದಿಯ ಹತ್ತಿರ ಇಬ್ಬರನ್ನು ಕೇಳಿದ್ದರು, ಅಷ್ಟೇ. ಆ ಇಬ್ಬರೂ ಸುಳ್ಳು ಹೇಳಿದ್ದಕ್ಕೆ ನಿನಗೆ ನಾನು ಸಿಕ್ಕಿದೆ.

ಇನ್ನು ಎಲ್ಲ ಆಯಿತು ಎನ್ನುವಾಗ ನಾನು ಬಾಯಿ ತೆರೆದೆ. ಹೆಣ್ಣು ಕೇಳಲು ಹೋದಾಗ ಹೆಂಗಸರು ಒಳಗೆ ಕೇಳುವ ಪ್ರಶ್ನೆಯೊಂದು ಉಂಟಲ್ಲ, ಮಗುವಿಗೆ ಬೇರೆ ಯಾರಾದರೂ ಮೊಲೆಹಾಲು ಕೊಟ್ಟದ್ದುಂಟೋ, ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರ ಲೆಕ್ಕ, ಮದುವೆ ಕೂಡದಲ್ಲ ಅಂತ? ನೀನಿಲ್ಲವಲ್ಲ, ನಿನ್ನ ಪರವಾಗಿ ನಾನೇ ಕೇಳಿಬಿಡುವಾ ಎಂದು ಕೇಳಿದೆ. ಅಂಗಡಿಯಲ್ಲಿ ಥಾನಿನಿಂದ ಬಟ್ಟೆ ಹರಿಯುವ ಮೊದಲು ಒಮ್ಮೆ ಹಿಂಬದಿ ತಿರುಗಿಸಿ ನೋಡುವುದು ನನ್ನ ಕೈಯ ಅಭ್ಯಾಸ. ಹಿಂಬದಿಯಲ್ಲಿ ಏನಾದರೂ ಇರುತ್ತದೆಂದು ನಾನು ಎಣಿಸಿರಲಿಲ್ಲ.

ಮೂಲೆಯಲ್ಲಿ ಕಾಸಿಂ ಕುಂಞಿಯ ತಾಯಿ ಕುಳಿತಿದ್ದರು. ಮೊಮ್ಮಗಳ ಮದುವೆ ನೋಡಲು ವಿಸಿಟ್ ವೀಸಾದಲ್ಲಿ ಬಂದವರು. "ಉಂಟು, ಯಾರೂಂತ ಮಾತ್ರ ಗೊತ್ತಿಲ್ಲ" ಎಂದರು. ಎಲ್ಲರೂ ನಕ್ಕರು. ಅವರು ನಗಲಿಲ್ಲ. ತೊಂಬತ್ತನೇ ಇಸವಿಯಲ್ಲಿ ಸೊಸೆ ಹಫೀಝಾಳ ಬಾಣಂತನಕ್ಕೆಂದು ಇಲ್ಲಿಗೆ ಬಂದಿದ್ದರಂತೆ, ಫರ್ಸಾನಾ ಹುಟ್ಟಿದಳು, ಸದ್ದಾಮನ ಸೈನ್ಯವೂ ಬಂತು. ಬಸ್ಸು ಹಿಡಿದು ಜೋರ್ಡಾನ್ ಗಡಿಯ ಡೇರೆಗಳಿಗೆ ಹೋಗಿ ಬಿದ್ದರು. ಅಲ್ಲಿ ಹಫೀಝಾಳಿಗೆ ಮೈಮೇಲೆ ಎಚ್ಚರವಿಲ್ಲದಷ್ಟು ಜ್ವರ, ಹಾಲು ಬತ್ತಿಹೋಯಿತು. "ಉಳ್ಳಾಲ ಕಡೆಯ ಒಬ್ಬಳು, ಅವಳ ಮಡಿಲಲ್ಲೇ ಒಂದು ಗಂಡುಮಗು. ಇದನ್ನೂ ತಗೊಂಡು ಮಲಗಿಸಿಕೊಂಡ್ಲು. ಹೆಸರು ಕೇಳುದರೊಳಗೆ ಅವಳ ಬಸ್ಸು ಕೂಗಿದ್ರು. ಮುಖ ಮರ್ತುಹೋಗಿದೆ ಮಗಾ, ದನಿ ಮರೀಲಿಲ್ಲ. ಈಗ ಮಾತಾಡಿದ್ರೂ ಹೇಳ್ತೇನೆ" ಎಂದರು. ಎಷ್ಟು ಸಲ ಕೊಟ್ಟಳು ಎಂದು ಕೇಳಿದೆ. "ಅದನ್ನೆಲ್ಲ ಯಾರು ನೋಡಿದ್ರು, ಮಗು ಅತ್ತಾಗ ಹೋಗ್ತಿದ್ದೆ" ಎಂದು ಒಳಗೆ ಹೋಗಿ ಒಂದು ತುಂಡು ಬಟ್ಟೆ ತಂದರು. ಆ ಹೆಂಗಸು ತನ್ನ ಮಗುವಿಗೆ ಸುತ್ತಿದ್ದ ಬಟ್ಟೆಯಲ್ಲಿ ಅರ್ಧ ಹರಿದು ಈ ಮಗುವಿಗೆ ಸುತ್ತಿದ್ದಳಂತೆ.

ಸೈನಬಾ, ಹಸಿರು ಬಟ್ಟೆ. ಅದರ ಮೇಲೆ ಹಳದಿ ಎಲೆ, ತೊಟ್ಟು ಕೆಳಗಿರಬೇಕಾದಲ್ಲಿ ಮೇಲೆ, ಎಲ್ಲ ಎಲೆಗಳೂ ತಲೆಕೆಳಗು. ಅಚ್ಚು ತಪ್ಪಿದ ಆ ಒಂದು ಥಾನು ಯಾರೂ ಕೊಳ್ಳದೆ ನಾನೇ ಮನೆಗೆ ತಂದದ್ದು, ನೀನು ಮೂರು ದಿನ ನನಗೆ ಬೈದದ್ದು. ಇನ್ನರ್ಧ ನಿನ್ನ ಕಪಾಟಿನಲ್ಲಿದೆ. ನೋಡಬೇಕಾಗಿಯೇ ಇರಲಿಲ್ಲ, ಬೆರಳು ಇಟ್ಟಾಗಲೇ ನನಗೆ ಗೊತ್ತಾಯಿತು. ಕೈಗೂಸು ಅಜ್ಮಲನೊಂದಿಗೆ ನಿನ್ನನ್ನು ಬಸ್ಸು ಹತ್ತಿಸಿ ಅಂಗಡಿ ಕಾಯಲು ನಾನು ಇಲ್ಲೇ ಉಳಿದಿದ್ದೆ, ಡೇರೆಯಲ್ಲಿ ನಡೆದದ್ದಕ್ಕೆ ನಾನು ಸಾಕ್ಷಿಯಲ್ಲ. ಆಮೇಲೆ ಎಷ್ಟು ವರ್ಷ ನೀನು ನಮಾಜು ಮುಗಿಸಿ "ಆ ಮಗು ಬದುಕಿತೋ ಏನೋ" ಎಂದು ಹೇಳುತ್ತಿದ್ದೆ. ಬದುಕಿದೆ ಸೈನಬಾ. ನನ್ನ ಎದುರಿಗೆ ನಿಂತು ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುತ್ತಿತ್ತು. ಈ ಸುದ್ದಿಯನ್ನು ನಿನಗೆ ಸಿಹಿ ಹಂಚಿ ಹೇಳಬೇಕಿತ್ತು.

ಬಟ್ಟೆ ಮಡಚಿ ಕೊಟ್ಟೆ, ಚಹಾ ಕುಡಿದೆ, ಬಾಯಿ ಸುಟ್ಟುಕೊಂಡೆ. ಕಾರಿನಲ್ಲಿ ಸಮುದ್ರದ ದಾರಿಯಲ್ಲಿ ಬರುವಾಗ ಅಜ್ಮಲನಿಗೆ ಹೇಳಿದೆ. ಸಮುದ್ರ ಕಾಣುತ್ತಿರಲಿಲ್ಲ, ಧೂಳಿನ ಹಿಂದೆ ಎಲ್ಲೋ ಸದ್ದು ಮಾತ್ರ. ಅವನು ಮೊದಲು ನಕ್ಕ. "ಬಾಪಾ, ಹಾಲು ಅಂದ್ರೆ ನೀರು, ಕೊಬ್ಬು, ಪ್ರೋಟೀನ್. ಹೊಟ್ಟೆಗೆ ಹೋಗಿ ಜೀರ್ಣ ಆಗ್ತದೆ, ತಂಗಿ ಆಗುದಿಲ್ಲ." ಅಳೆಯಲು ಆಗುವಂಥದ್ದು, ಬೇರೆಯವನು ಅಳೆದಾಗಲೂ ಅಷ್ಟೇ ಬರುವಂಥದ್ದು, ಅದು ಮಾತ್ರ ಸತ್ಯವಂತೆ, ಉಳಿದದ್ದೆಲ್ಲ ಜನ ಸೇರಿ ಒಪ್ಪಿಕೊಂಡದ್ದಂತೆ. ನಾನು ಇದನ್ನು ತಳ್ಳಿಹಾಕುವವನಲ್ಲ. ನನ್ನ ಅಜ್ಜನ ಜಾಗದ ಗಡಿಯನ್ನು ನೆರೆಮನೆಯ ಹಿರಿಯರೊಬ್ಬರು ಗಡ್ಡ ಮುಟ್ಟಿಕೊಂಡು ಸುಳ್ಳು ಹೇಳಿ ತಿಂದದ್ದು, ಸರ್ವೆಯವನ ಸರಪಳಿ ಬಂದಾಗ ತಾನೇ ನಮಗೆ ವಾಪಸು ಸಿಕ್ಕಿದ್ದು? ಸರಪಳಿಗೆ ಗಡ್ಡವಿಲ್ಲ. ಆದರೆ ಆ ದಿನದಿಂದ ಊರಿನಲ್ಲಿ ಹಿರಿಯರ ಮಾತು ಕಥೆಯಾಗಿಹೋಯಿತು, ನಿಜ ಹೇಳುತ್ತಿದ್ದವರದ್ದೂ ಸೇರಿ. ನನ್ನದೂ ಹಾಗೇ. ಮೊದಲು ಇದು ಅಸಲಿ ರೇಷ್ಮೆ ಎಂದು ನಾನು ಹೇಳಿದರೆ ಅರಬಿ ಹೆಂಗಸರು ಕಟ್ಟಿಸಿಕೊಂಡು ಹೋಗುತ್ತಿದ್ದರು. ಈಗ ಲೇಬಲ್ ತಿರುಗಿಸಿ ಓದುತ್ತಾರೆ. ಲೇಬಲ್ ಇಲ್ಲದಿದ್ದರೆ ನನ್ನ ಬಾಯಿ ಬಾಯೇ ಅಲ್ಲ.

ಆದರೂ ನಿನ್ನ ಗಂಡ ಮಾತಿನಿಂದಲೇ ಬದುಕಿದವನಲ್ಲವೇ. "ಜನ ಸೇರಿ ಒಪ್ಪಿಕೊಂಡದ್ದು ಅಂದೆಯಲ್ಲ, ನಿಕಾಹ್ ಮತ್ತೆಂತ ಮಾರಾಯಾ? ನಾಳೆ ಅವಳ ರಕ್ತ ತೆಗೆದು ನಿನ್ನ ಯಂತ್ರಕ್ಕೆ ಹಾಕು. ಅಜ್ಮಲನ ಹೆಂಡತಿ ಅಂತ ಎಲ್ಲಿ ಬರೆದಿರ್ತದೆ?" ಎಂದೆ. ಇಬ್ಬರು ಸಾಕ್ಷಿಗಳ ಎದುರು ಹೇಳಿದ ನಾಲ್ಕು ಮಾತು ಹೆಂಡತಿಯನ್ನು ಮಾಡುವುದಾದರೆ, ಒಬ್ಬ ಹೆಂಗಸಿನ ಮಾತು ತಂಗಿಯನ್ನೂ ಮಾಡುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಅದೇನು ಕಟ್‌ಪೀಸೇ? ಸರಿ, ನೀನು ಪರೀಕ್ಷೆಯ ಮನುಷ್ಯ, ಈಗಲೇ ನಿನ್ನ ಉಮ್ಮನಿಗೆ ಫೋನ್ ಮಾಡಿ ಎಷ್ಟು ಸಲ ಕೊಟ್ಟದ್ದೆಂದು ಕೇಳು ಎಂದೆ. ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. "ಬೇಡ ಬಾಪಾ. ಕೇಳ್ಬೇಡಿ. ಕೇಳಿದ್ರೆ ಗೊತ್ತಾಗ್ತದೆ" ಎಂದ.

ಪರೀಕ್ಷೆಗೆ ಹೆದರಿದ ಅಜ್ಮಲನನ್ನು ನಾನು ನೋಡಿದ್ದು ಅದೇ ಮೊದಲು. ಆ ಹೊತ್ತಿಗೆ ಅವನ ಮೊಬೈಲಿಗೆ ಫರ್ಸಾನಾಳ ಸಂದೇಶ ಬಂತು, ನನಗೆ ತೋರಿಸಿದ. "ನಿಮ್ಮ ಬಾಪಾ ಆ ಬಟ್ಟೆಯನ್ನು ಯಾಕೆ ಹಾಗೆ ಹಿಡಿದುಕೊಂಡಿದ್ರು?" ಮಾಡಿ ನೋಡಬೇಕು ಎಂದು ಮಕ್ಕಳಿಗೆ ಕಲಿಸುವವಳು, ಸುಮ್ಮನೆ ಬಿಡುತ್ತಾಳೆಯೇ? ಅವನು ಈ ತನಕ ಉತ್ತರ ಕೊಟ್ಟಿಲ್ಲ. ಊಟವನ್ನೂ ಮಾಡಿಲ್ಲ. ಧೂಳು ಇಂದೂ ಇಳಿದಿಲ್ಲ, ಅಂಗಡಿಯಲ್ಲಿ ಎಷ್ಟು ಕೊಡವಿದರೂ ಬಟ್ಟೆಗಳ ಮೇಲೆ ಮತ್ತೆ ಕೂರುತ್ತದೆ.

ಸದ್ಯಕ್ಕೆ ನೀನು ಏನೂ ಮಾಡಬೇಡ. ಮದುವೆ ರಂಜಾನ್ ಕಳೆದ ಮೇಲೆ ತಾನೇ, ಅಷ್ಟರಲ್ಲಿ ನೀನು ಬರುತ್ತೀ, ಕೂತು ಮಾತಾಡುವಾ. ಮಗಳಿಗೂ ಅಳಿಯನಿಗೂ ನನ್ನ ಸಲಾಂ, ಮೊಮ್ಮಕ್ಕಳ ಕೆನ್ನೆಗೆ ಒಂದೊಂದು ಮುತ್ತು. ಸೃಷ್ಟಿಸಿದವನು ನಮ್ಮಿಂದ ತಡೆಯಲಾಗದ ಪರೀಕ್ಷೆಗೆ ನಮ್ಮನ್ನು ಒಡ್ಡದಿರಲಿ.

ನಿನ್ನ,
ಅಲಿಕುಂಞಿ

ಮತ್ತೆ ಸೇರಿಸಿದ್ದು: ಲಕೋಟೆ ಅಂಟಿಸುವಾಗ ಕಾಸಿಂ ಕುಂಞಿಯ ಫೋನ್ ಬಂತು. ಅವರ ತಾಯಿಯ ವೀಸಾ ಮುಗಿಯುತ್ತಿದೆಯಂತೆ, ಹೆಚ್ಚು ದಿನ ಸಿಗಲಿಲ್ಲವಂತೆ. ಅವರು ಹೋಗುವ ಮೊದಲು ಬರುವ ಶುಕ್ರವಾರವೇ ನಿಕಾಹ್. ಅಜ್ಮಲ್ ನನಗಿಂತ ಮೊದಲೇ ಹೂಂ ಅಂದಿದ್ದಾನೆ. ಜುಮಾ ನಮಾಜು ಮುಗಿದ ಮೇಲೆ ನಿನಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲರ ಎದುರು ಮಕ್ಕಳನ್ನು ಹರಸುವ ನಿನ್ನ ದುಆ ಕೇಳುತ್ತಾರೆ. ಆ ಮುದುಕಿ ಫೋನಿನ ಪಕ್ಕದಲ್ಲೇ ಕುಳಿತಿರುತ್ತಾರೆ, ನೀನು ಸಲಾಂ ಹೇಳಿದ ಕೂಡಲೇ ದನಿ ಹಿಡಿಯುತ್ತಾರೆ. ಆಮೇಲೆ ಎಲ್ಲರೂ ನಿನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ನಮ್ಮ ಮಸೀದಿಯ ಉಸ್ತಾದರ ಲೆಕ್ಕ ನಿನಗೆ ಗೊತ್ತುಂಟು: ಹೊಟ್ಟೆ ತುಂಬ ಐದು ಸಲ. ಅಷ್ಟಾದರೆ ಅವಳು ನಮಗೆ ಸೊಸೆಯಲ್ಲ, ಮಗಳು. ಕಪಾಟಿನಿಂದ ಆ ಬಟ್ಟೆ ತೆಗೆದು ಮಡಿಲಲ್ಲಿಟ್ಟುಕೊಂಡು, ಶುಕ್ರವಾರದೊಳಗೆ ನೆನಪು ಮಾಡು. ಯಾವ ಯಂತ್ರವೂ ನಿನ್ನನ್ನು ಸುಳ್ಳು ಎನ್ನಲಾರದು, ಅದೇ ನನಗೆ ಹೆದರಿಕೆ. ಕೇಳಬೇಡಿ ಎಂದು ಮಗ ಹೇಳಿದ್ದ, ನಾನು ಕೇಳಿಬಿಟ್ಟೆ. ಎಷ್ಟು ಸಲ, ಸೈನಬಾ?