ಹಿಂದಿನ ಬ್ರೇಕಿನ ಪಿನ್ನು

ಜುಲೈ 16, ಮಂಗಳವಾರ. ಸಂಜೆ

ಶಾಲೆ ಬಿಟ್ಟಿತು. ಕೋಣೆಗೆ ಬೀಗ ಹಾಕಿದೆ, ಗಾಡಿ ಚಾಲೂ ಮಾಡಿದೆ, ಬಿದ್ದೆ.

ಟ್ರ್ಯಾಕ್ಟರ್ ಗಾಲಿಗಳು ಹೊಲದ ಎರೆಮಣ್ಣನ್ನೆಲ್ಲ ತಂದು ಡಾಂಬರಿನ ಮೇಲೆ ಸುರಿದಿದ್ದವು, ಮೇಲೆ ಜಿಟಿಜಿಟಿ ಮಳೆ. ನಮ್ಮೂರು ಸಂಶಿ ಇನ್ನೇನು ಬಂತು ಅನ್ನುವಾಗ ಗಾಡಿ ಜಾರಿತು. ಮೊಣಕಾಲು ತರಚಿದೆ. ಅದು ಹೋಗಲಿ — ಹಿಂದಿನ ಬ್ರೇಕಿನ ಪೆಡಲ್ ಒಳಗೆ ಬಾಗಿ ಇಂಜಿನ್ನಿಗೆ ಹತ್ತಿಕೊಂಡಿದೆ. ಒತ್ತಿದರೆ ಇಳಿಯುವುದಿಲ್ಲ.

ಮುಂದಿನ ಬ್ರೇಕ್ ಇದ್ದೂ ಇಲ್ಲ. ಎರೆ ನೆಲದಲ್ಲಿ ಅದನ್ನು ಹಿಡಿದವರು ಮಣ್ಣು ಮುಕ್ಕುತ್ತಾರಂತೆ. ಗಾಡಿ ಬಂದ ದಿನವೇ ಮೆಕ್ಯಾನಿಕ್ ಮಾಬುಸಾಬ ಕೇಬಲ್ ಸಡಿಲ ಮಾಡಿಟ್ಟ. 'ಟೀಚರ್ರ, ಇದನ್ನ ಮುಟ್ಟಬ್ಯಾಡ್ರಿ, ಎತ್ತಿ ಒಗೀತೈತಿ.' ಊರಿನ ಗಾಡಿಗಳೆಲ್ಲ ಹೀಗೇ. ಕಾಲು ನೆಲಕ್ಕೆ ಎಳೆಯುತ್ತ ಮನೆ ಮುಟ್ಟಿದೆ.

ಸೀರೆಯ ಕೆಸರು ನೋಡಿ ಅತ್ತೆ, 'ಏನವಾ ಇದು?'

'ಸಾಲಿ ಅಂಗಳದಾಗ ಜಾರಿದೆರಿ.'

ನಂಬಿದರೋ ಇಲ್ಲವೋ. ಅತ್ತೆ ಅನ್ನಪೂರ್ಣಾಬಾಯಿಯವರ ಮುಖ ಓದುವ ವಿದ್ಯೆ ಇಷ್ಟು ವರ್ಷವಾದರೂ ನನಗೆ ಹತ್ತಿಲ್ಲ.

ಮಾಬುಸಾಬನ ಕಡೆ ಒಯ್ಯುವಂತಿಲ್ಲ. ಅವನ ಅಂಗಡಿಯ ಬಾಜು ಚಹಾದಂಗಡಿ, ಸಂಜೆಯಾದರೆ ನಮ್ಮ ಮನೆಯವರು ಅಲ್ಲೇ ಕೂತಿರುತ್ತಾರೆ. ಅವರ ಷರತ್ತು ಇನ್ನೂ ಕಿವಿಯಲ್ಲಿದೆ: 'ಒಮ್ಮೆ ಬಿದ್ದಿ ಅಂದ್ರ ಗಾಡಿ ವಿಕ್ರಮಗ.' ಮೈದುನ ವಿಕ್ರಮ ಕಾಯುತ್ತಲೇ ಇದ್ದಾನೆ. ಗಾಡಿ ಹೋದರೆ ಮತ್ತೆ ಆ ದರಿದ್ರ ಬಸ್ಸು, ಪ್ರಾರ್ಥನೆ ಮುಗಿದ ಮೇಲೆ ಶಾಲೆ, ಹೆಡ್‌ಮಾಸ್ತರರ ಸಿಡುಕು. ಒಲ್ಲೆ.

ಜುಲೈ 17, ಬುಧವಾರ

ಮೊಹರಮ್ ಸೂಟಿ. ಇವರು ಅಲಾಯಿ ದೇವರ ಮೆರವಣಿಗೆಗೆ ಹೋದರು. ಅತ್ತೆ ಮಲಗಿದ್ದರು. ಅದೇ ಹೊತ್ತು ನೋಡಿ ಪೆಡಲ್ಲಿಗೆ ಕೈಹಾಕಿದೆ.

ಪೆಡಲ್ಲಿನಿಂದ ಹಿಂದಿನ ಗಾಲಿಗೆ ಒಂದು ರಾಡು. ರಾಡನ್ನು ಪೆಡಲ್ಲಿಗೆ ಹಿಡಿದಿಡುವುದು ಒಂದು ದಪ್ಪ ಪಿನ್ನು. ಅದು ಜಾರಿ ಬೀಳದ ಹಾಗೆ ಅದರ ತೂತಿನಲ್ಲಿ ತಂತಿಯಂಥ ಕಾಟರ್ ಪಿನ್. ಎಲ್ಲ ಬಿಚ್ಚಿ ಗೋಣಿಚೀಲದ ಮೇಲಿಟ್ಟೆ. ನೀರಿನ ಪೈಪಿನ ತುಂಡನ್ನು ಪೆಡಲ್ಲಿಗೆ ತೂರಿಸಿ ಎಳೆದೆ. ಅಲುಗಲಿಲ್ಲ. ಹೆಡ್‌ಮಾಸ್ತರರನ್ನು ನೆನೆದು ಎಳೆದೆ. ಬಂತು!

ರಾಡು ಜೋಡಿಸಿದೆ. ಹಿಂದಿನ ನಟ್ಟು ಬಿಗಿದರೆ ಗಾಲಿ ತಿರುಗದು, ಸಡಿಲಿಸಿದರೆ ಪೆಡಲ್ ಪಾತಾಳಕ್ಕೆ. ತಿರುವಿ, ಒತ್ತಿ, ಮತ್ತೆ ತಿರುವಿ... ಕಡೆಗೆ ಹೆಬ್ಬೆರಳಷ್ಟು ಇಳಿದು ಗಪ್ಪನೆ ಹಿಡಿಯಿತು. ಅಷ್ಟರಲ್ಲಿ ಒಳಗಿನಿಂದ, 'ಊರ್ಮಿಳಾ, ಏನು ಬಡೀಲಿಕ್ಕೆ ಹತ್ತೀ?'

ಗೋಣಿಚೀಲ ಸುತ್ತಿ ಮೂಲೆಗೆ ಒಗೆದೆ. 'ಏನಿಲ್ಲರಿ, ಗಾಡಿ ಒರಸ್ಲಿಕ್ಕೆ ಹತ್ತೇನಿ.'

ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಜುಲೈ 19, ಶುಕ್ರವಾರ

ಎಮ್ಮೆ ಅಡ್ಡ ಬಂತು. ಒತ್ತಿದೆ. ನಿಂತಿತು. ಮಾಬುಸಾಬ ಏನು ಮಹಾ!

ಜುಲೈ 21, ಭಾನುವಾರ. ಮಧ್ಯಾಹ್ನ

ಕುಂದಗೋಳದಲ್ಲಿ ಬೀಗರ ಮನೆಯ ತೊಟ್ಟಿಲು. ಇವರು ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಗಾಡಿಯ ಮೇಲೆ ಹೋದರು. ಮೆಣಸಿನಕಾಯಿ ಹರವೋಣವೆಂದು ಆ ಗೋಣಿಚೀಲ ಝಾಡಿಸಿದೆ. ಕಾಟರ್ ಪಿನ್ ಟಣ್ಣೆಂದು ಕಲ್ಲಿನ ಮೇಲೆ ಬಿತ್ತು.

ಹಾಕೇ ಇಲ್ಲ. ದಪ್ಪ ಪಿನ್ನು ಬರೀ ಹಾಗೇ ಕೂತಿದೆ. ಅದು ಜಾರಿದರೆ ಹಿಂದಿನ ಬ್ರೇಕಿಲ್ಲ. ಮುಂದಿನದು ಮೊದಲೇ ಇಲ್ಲ. ಅತ್ತೆ ಎರಡೂ ಕಾಲು ಒಂದೇ ಬದಿಗೆ ಬಿಟ್ಟು ಕೂತಿದ್ದಾರೆ.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಬೀಗರ ನಂಬರ್ ನನ್ನ ಹತ್ತಿರ ಇಲ್ಲ. ಸುಮ್ಮನೆ ಕೂರಲಾಗದೆ ಬರೆಯುತ್ತಿದ್ದೇನೆ. ದೇವರೇ, ಗಾಡಿ ವಿಕ್ರಮನಿಗೇ ಹೋಗಲಿ. ಇಬ್ಬರೂ ನೆಟ್ಟಗೆ ಮುಟ್ಟಿರಲಿ...

ಅದೇ ದಿನ, ನಾಲ್ಕು ಗಂಟೆ

ಇವರೇ ಫೋನ್ ಮಾಡಿದರು. 'ಯಾಕ ಇಷ್ಟು ಫೋನು? ಊಟಕ್ಕ ಕೂತಿದ್ವಿ. ಈಗ ಹೊಂಟೇವಿ. ಅಂದಂಗ, ಬ್ರೇಕ್ ಅಗದಿ ಛಲೋ ಹಿಡೀಲಿಕ್ಕೆ ಹತ್ಯದ. ಯಾರ ಕಡೆ ಮಾಡಿಸಿದಿ?'

ನನ್ನ ಕೈಕೆಲಸವನ್ನು ಇವರು ಹೊಗಳಿದ್ದು ಇದೇ ಮೊದಲು. ಅದೂ ಈ ಹೊತ್ತಿಗೆ! 'ನಿಧಾನ ಬರ್ರಿ' ಅಂದು ಇಟ್ಟುಬಿಡಬಹುದಿತ್ತು. ಒಂದು ಗಳಿಗೆ ಹಾಗೆ ಅನ್ನಿಸಿತು ಕೂಡ. ನಾಚಿಕೆಯಾಗುತ್ತದೆ.

'ಗಾಡಿ ಹತ್ತಬ್ಯಾಡ್ರಿ. ನಾ ಬಿದ್ದಿದ್ದೆ. ಪೆಡಲ್ ನಾನ ನೆಟ್ಟಗ ಮಾಡೀನಿ. ಪಿನ್ನು ಹಾಕೋದು ಮರತೀನಿ.'

'ವಿಕ್ರಮಗ ಫೋನ್ ಮಾಡ್ತೀನಿ.' ಇಟ್ಟರು.

ಜುಲೈ 22, ಸೋಮವಾರ. ಬೆಳಿಗ್ಗೆ

ನಿನ್ನೆ ಕುಂದಗೋಳದಲ್ಲೇ ಹೊಸ ಕಾಟರ್ ಪಿನ್ ಹಾಕಿಸಿ ತಂದರು. ದಪ್ಪ ಪಿನ್ನು ಅರ್ಧ ಹೊರಗೆ ಬಂದಿತ್ತಂತೆ. ಇವರು ನನ್ನ ಜೊತೆ ಮಾತಾಡಲಿಲ್ಲ. ಬೆಳಿಗ್ಗೆಯೂ ಮಾತಾಡದೆ ಹುಬ್ಬಳ್ಳಿಯ ರೈಲಿಗೆ ಹೋದರು.

ಈಗಷ್ಟೇ ವಿಕ್ರಮ ಬಂದ. ಕೀಲಿಕೈ ಅತ್ತೆಯ ಕೈಯಲ್ಲಿತ್ತು.

'ಕೊಡು ಅವ್ವಾ. ಅಣ್ಣ ಹೇಳ್ಯಾನ.'

'ಹೇಳ್ಲಿ. ನಿನ್ನೆ ಇಕಿ ಬಾಯಿ ಮುಚ್ಕೊಂಡಿದ್ರ ನಾ ಎಲ್ಲಿರ್ತಿದ್ದೆ, ಹೇಳು.' ಆಮೇಲೆ ನನ್ನ ಕಡೆ ತಿರುಗಿ, 'ಏಳವಾ, ಗಾಡಿ ತಗಿ. ಮೊದಲ ಮಾಬುಸಾಬನ ಕಡೆ ನಡಿ, ಆ ಮುಂದಿನ ಬ್ರೇಕ್ ಬಿಗಿ ಮಾಡಸೂಣು. ಗಾಡಿ ಮಾಡಿದಾವ ಎರಡು ಬ್ರೇಕ್ ಕೊಟ್ಟಾನ, ಹಿಡೀಲಿಕ್ಕೆ ನಮಗೇನು ಧಾಡಿ? ಆಮ್ಯಾಲ ನಿನ್ನ ಸಾಲಿ.'

'ನೀವ್ರಿ?'

'ಸಾಲಿತನಕ ಹಿಂದ ಕೂಡ್ತೀನಿ. ಬರೂಮುಂದ ಬಸ್ಸಿಗೆ ಬರ್ತೀನಿ. ಬಿದ್ರ ಇಬ್ರೂ ಬೀಳೂಣು.'

ಡಬ್ಬಿ ಕಟ್ಟಿಕೊಳ್ಳುವ ನೆವ ಹೇಳಿ ಒಳಗೆ ಬಂದೆ. ಒಬ್ಬಳೇ ಬಿದ್ದರೆ ನನ್ನ ಮೊಣಕಾಲಷ್ಟೆ. ಈಗ ಹಿಂದೆ ಅವರು... ಎರೆಮಣ್ಣು ಇನ್ನೂ ಹಸಿ ಇದೆ. ಸಾವಕಾಶ ಹೋಗಬೇಕು. ಮೊದಲ ಗೇರಿನಲ್ಲೇ ಹೋದರೂ ಸರಿ —

ಹಾರ್ನು. ಅತ್ತೆಯೇ ಒತ್ತುತ್ತಿದ್ದಾರೆ. ಹೊರಟೆ.