ಅರ್ಧ ಪಂದ್ಯ ನೋಡಿ ಬರೆದ ಪೂರ್ತಿ ವರದಿಯ ಕುರಿತು

ನಮ್ಮ ಮಹಿಳಾ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಮಾನ್ಯ ಅಧ್ಯಕ್ಷರೇ,

ನೀವು ಮಧ್ಯಂತರದಲ್ಲಿ ಎದ್ದು ಹೋದಿರಿ. ಹೋದದ್ದಕ್ಕೆ ನನ್ನ ತಕರಾರಿಲ್ಲ. ದೊಡ್ಡವರಿಗೆ ನೂರೆಂಟು ಕೆಲಸ. ಆದರೆ ಮರುದಿನ ಕ್ರೀಡಾಂಗಣದ ಬಾಗಿಲಿಗೆ ಅಂಟಿಸಿದ ವರದಿಯಲ್ಲಿ "ಸಮಿತಿಯು ಪಂದ್ಯವನ್ನು ಆದ್ಯಂತವಾಗಿ, ಕೂಲಂಕಷವಾಗಿ ಪರಿಶೀಲಿಸಿ" ಎಂದು ಬರೆದು ಕೆಳಗೆ ಸಹಿ ಹಾಕಿದ್ದೀರಲ್ಲ, ಅದಕ್ಕೆ ತಕರಾರಿದೆ. ನಿಮ್ಮ ಹಿಂದಿನ ಸಾಲಿನಲ್ಲೇ ನಾನು ಕೂತಿದ್ದೆ. ಮೊದಲರ್ಧದಲ್ಲಿ ನೀವು ಕೂಲಂಕಷವಾಗಿ ಪರಿಶೀಲಿಸಿದ್ದು ನಿಮ್ಮ ಮೊಬೈಲನ್ನು. ಎರಡನೆಯ ಅರ್ಧದಲ್ಲಿ ನಿಮ್ಮ ಪರವಾಗಿ ಪರಿಶೀಲನೆ ನಡೆಸಿದ್ದು ನಿಮ್ಮ ಖಾಲಿ ಕುರ್ಚಿ. ಕುರ್ಚಿಗೆ ಮಾತು ಬಂದಿದ್ದರೆ ವರದಿ ಇನ್ನೊಂದು ಥರ ಇರುತ್ತಿತ್ತು.

ಆ ವರದಿಯ ಪ್ರಕಾರ, ತಾರಾ ಆಟಗಾರ್ತಿ ತಂಡ ಬಿಟ್ಟ ಮೇಲೆ ಕೋಚ್ ತಂದ ಹೊಸ ಆಕ್ರಮಣ ಪದ್ಧತಿ "ಸಂಪೂರ್ಣ ವಿಫಲ". ಆದ್ದರಿಂದ ಈ ತಿಂಗಳ ಕೊನೆಗೆ ಕೋಚ್ ಮನೆಗೆ. ಜೊತೆಗೆ, "ನಿರ್ಣಾಯಕ ಕ್ಷಣದಲ್ಲಿ ಗುರಿ ತಪ್ಪಿದ ಆಟಗಾರ್ತಿಯು ಇನ್ನು ಮುಂದೆ ಚೆಂಡನ್ನು ಇತರರಿಗೆ ದಾಟಿಸುವ ಕೆಲಸಕ್ಕಷ್ಟೇ ಸೀಮಿತಳಾಗತಕ್ಕದ್ದು." ಆ ಆಟಗಾರ್ತಿ ನನ್ನ ಸೊಸೆ. ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದ ನನಗೆ ಈ ಆಟದ ಗಂಧಗಾಳಿ ಇರಲಿಲ್ಲ. ಸೊಸೆ ಮನೆಗೆ ಬಂದ ಮೇಲೆ, ಇವಳು ಸಂಜೆಯಾದರೆ ಬೂಟು ಹಾಕಿಕೊಂಡು ಎಲ್ಲಿಗೆ ಓಡುತ್ತಾಳೆ ಎಂದು ನೋಡಲು ಹೋಗಿ ನಾನೂ ಈ ಹುಚ್ಚು ಅಂಟಿಸಿಕೊಂಡೆ. ಆಟದ ಸೂಕ್ಷ್ಮ ನನಗೆ ಇಂದಿಗೂ ಅಷ್ಟಕ್ಕಷ್ಟೇ. ಆದರೆ ಕೂತ ಜಾಗದಲ್ಲಿ ಕೊನೆಯವರೆಗೆ ಕೂತಿರುವುದು ಗೊತ್ತು.

ತಂಡ ಬಿಟ್ಟ ಆ ತಾರೆಯನ್ನು ಊರೆಲ್ಲ ಕರೆಯುತ್ತಿದ್ದದ್ದು 'ಏಣಿ' ಎಂದು. ಅವಳು ನಿಂತರೆ ಉಳಿದವರು ಮಕ್ಕಳ ಹಾಗೆ ಕಾಣುತ್ತಿದ್ದರು. ನನಗೂ ಅವಳೆಂದರೆ ಪ್ರಾಣ. ಅವಳು ಜಿಗಿದಾಗಲೆಲ್ಲ ಚಪ್ಪಾಳೆ ತಟ್ಟಿ ಅಂಗೈ ಕೆಂಪಾಗುತ್ತಿತ್ತು. ಆಗ ನಮ್ಮ ತಂಡದ ಪದ್ಧತಿ ಬಹಳ ಸರಳ: ಚೆಂಡನ್ನು ಏಣಿಯ ಕೈಗೆ ಕೊಡುವುದು, ಪಕ್ಕಕ್ಕೆ ಸರಿದು ನಿಲ್ಲುವುದು. ಒಮ್ಮೆ ಊಟಕ್ಕೆ ಕೂತಾಗ ಸೊಸೆಯನ್ನು ಕೇಳಿದೆ, "ಅಲ್ಲಮ್ಮಾ, ಅಷ್ಟೊತ್ತು ಓಡಾಡ್ತೀಯಲ್ಲ, ಆಟದಲ್ಲಿ ನಿನ್ನ ಕೆಲಸ ಏನು?"

"ಚೆಂಡು ತಗೊಂಡ್ಹೋಗಿ ಅಕ್ಕನ ಕೈಗೆ ಕೊಡೋದು, ಅತ್ತೆ."

"ಆಮೇಲೆ?"

"ಆಮೇಲೆ ನಿಮ್ಮ ಹಾಗೇ. ನಿಂತ್ಕೊಂಡು ನೋಡೋದು."

ನನ್ನ ಮಗ ಲಿಫ್ಟ್ ರಿಪೇರಿ ಮಾಡುವವನು. ಅವನು ಬಾಯಲ್ಲಿದ್ದ ತುತ್ತು ನುಂಗಿ, "ಹಂಗಾದ್ರೆ ನಿಂಗೂ ಟಿಕೆಟ್ ತಗೊಳ್ಳೋದು ವಾಸಿ ಅಲ್ವಾ?" ಎಂದ. ಆ ದಿನ ಪಾತ್ರೆ ತೊಳೆದವನು ಅವನೇ.

ಹೀಗಿರುವಾಗ ಏಣಿಗೆ ದೊಡ್ಡ ಊರಿನ ದೊಡ್ಡ ಕ್ಲಬ್ಬಿನಿಂದ ಕರೆ ಬಂತು, ಹೋದಳು. ತಪ್ಪೇನು? ಬೀಳ್ಕೊಡುಗೆಯಲ್ಲಿ ಉಳಿದ ಆಟಗಾರ್ತಿಯರನ್ನು ಎದುರಿಗೇ ಕೂರಿಸಿಕೊಂಡು ನೀವು, "ಇಂದಿಗೆ ನಮ್ಮ ತಂಡ ಅನಾಥವಾಯಿತು" ಎಂದು ಗದ್ಗದಿತರಾದಿರಿ. ಅವರಿಗೆ ಧೈರ್ಯ ತುಂಬುವ ನಿಮ್ಮ ಈ ಶೈಲಿ ನನಗೆ ಬಹಳ ಹಿಡಿಸಿತು. ರೋಗಿಯ ಮುಂದೆ ನಿಂತು ಮನೆಯವರಿಗೆ ಸಾಂತ್ವನ ಹೇಳುವ ಡಾಕ್ಟರನ್ನೂ ನಾನು ಕಂಡಿದ್ದೇನೆ.

ಆಗ ಕೋಚ್ ಹೊಸ ಪದ್ಧತಿ ತಂದರು. ಕುತ್ತಿಗೆಯಿಂದ ಸೀಟಿ ಇಳಿಸದ ಅವರನ್ನು ಎಲ್ಲರೂ 'ಸೀಟಿ ಮೇಷ್ಟ್ರು' ಎನ್ನುತ್ತಾರೆ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಯಾರೂ ಚೆಂಡನ್ನು ಹಿಡಿದುಕೊಂಡು ನಿಲ್ಲುವ ಹಾಗಿಲ್ಲ. ಕೊಟ್ಟವರು ಕೊಟ್ಟೆ ಎಂದು ಕೈಕಟ್ಟಿ ನಿಲ್ಲುವ ಹಾಗೂ ಇಲ್ಲ. ಓಡಿ ಹೊಸ ಜಾಗ ಹಿಡಿಯಬೇಕು, ಇಲ್ಲವೇ ಗೆಳತಿಯನ್ನು ಅಟ್ಟಿಸಿಕೊಂಡು ಬರುವವಳಿಗೆ ಅಡ್ಡ ನಿಲ್ಲಬೇಕು. ಐದು ಜನರಲ್ಲಿ ಯಾರಿಗೆ ಎದುರು ತೆರವಾಗುತ್ತದೋ ಅವರು ಬುಟ್ಟಿಗೆ ಹಾಕಬೇಕು.

ನಮ್ಮ ಮನೆಯ ಹಾಲ್‌ನಲ್ಲಿ ಇದರ ತಾಲೀಮು ನಡೆಯಿತು. ಊಟದ ಕುರ್ಚಿಗಳೆಲ್ಲ ಎದುರಾಳಿಗಳು. ನಾನು ಮತ್ತು ಮಗ ಸಹ ಆಟಗಾರರು. ಸೊಸೆ ಓಡುವುದು, ತಿರುಗುವುದು, ನಾನು ಎಸೆದ ದಿಂಬನ್ನು ಹಿಡಿಯುವುದು ಎಲ್ಲ ಚೆನ್ನಾಗಿಯೇ ಆಗುತ್ತಿತ್ತು. ಆದರೆ ಅದನ್ನು ಮೂಲೆಯ ಬಟ್ಟೆಬುಟ್ಟಿಗೆ ಹಾಕು ಎಂದರೆ ಮಾತ್ರ ಅವಳ ಕಣ್ಣು ಅತ್ತಿತ್ತ ಹುಡುಕುತ್ತಿತ್ತು, ಯಾರ ಕೈಗೆ ದಾಟಿಸಲಿ ಎಂದು.

"ಯಾಕಮ್ಮಾ, ನೀನೇ ಹಾಕು."

"ತಪ್ಪಿಹೋದ್ರೆ ಅತ್ತೆ?"

"ದಿಂಬು ಕಣೇ! ಬಿದ್ರೆ ಎತ್ಕೊಂಡ್ರಾಯ್ತು."

ಅಧ್ಯಕ್ಷರೇ, ಮೊದಮೊದಲ ಪಂದ್ಯಗಳು ನೋಡುವ ಹಾಗಿರಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಚೆಂಡು ಒಂದು ಕಡೆಗೆ ಹೋದರೆ ಆಟಗಾರ್ತಿ ಇನ್ನೊಂದು ಕಡೆಗೆ. ಒಮ್ಮೆಯಂತೂ ನಮ್ಮವರೇ ಇಬ್ಬರು ಢಿಕ್ಕಿ ಹೊಡೆದು ಕೂತರು, ಚೆಂಡು ಹೋಗಿ ರೆಫರಿ ಕಾಲಿಗೆ ಬಡಿಯಿತು. ನನ್ನ ಪಕ್ಕದ ದರ್ಜಿ, ಒಂದು ಪಂದ್ಯವನ್ನೂ ಬಿಡದವರು, "ಏಣಿ ಹೋಯ್ತು, ಈಗ ಎಲ್ರೂ ಗೋಡೆ ಹತ್ತೋಕೆ ನೋಡ್ತಿದ್ದಾರೆ" ಎಂದು ನಿಟ್ಟುಸಿರು ಬಿಟ್ಟರು. ಆದರೆ ಬರಬರುತ್ತಾ ಸೋಲಿನ ಅಂತರ ಇಳಿಯಿತು. ಒಂದು ಪಂದ್ಯ ಗೆದ್ದರು. ಅದೇ ದರ್ಜಿ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿ, ಮೂರು ದಿನ ದನಿಯಿಲ್ಲದೆ ಗಿರಾಕಿಗಳ ಜೊತೆ ಕೈಸನ್ನೆಯಲ್ಲೇ ಮಾತಾಡಿದರು. ನಿಮ್ಮ ಸಮಿತಿ ಆ ದಿನ ಬರಲಿಲ್ಲ. ಗೆಲ್ಲುವ ದಿನ ಪರಿಶೀಲಿಸಲು ಏನಿರುತ್ತದೆ, ಅಲ್ಲವೇ?

ನೀವು ಬಂದದ್ದು ಕಳೆದ ಭಾನುವಾರ, ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿರುವ ತಂಡ ಎದುರಿಗಿದ್ದಾಗ. ಮಧ್ಯಂತರದ ಹೊತ್ತಿಗೆ ನಾವು ಬಹಳ ಹಿಂದಿದ್ದೆವು. ನೀವು ಪಕ್ಕದವರಿಗೆ, "ಇನ್ನೇನಿದೆ ನೋಡೋಕೆ, ನಡೀರಿ" ಎಂದು ಎದ್ದಿರಿ. ಇದ್ದದ್ದು ಇದು. ಮೂರನೆಯ ಕ್ವಾರ್ಟರಿನಲ್ಲಿ ನಮ್ಮ ಹುಡುಗಿಯರು ಕಾಲಿಗೆ ಸ್ಪ್ರಿಂಗ್ ಕಟ್ಟಿದ ಹಾಗೆ ಓಡತೊಡಗಿದರು. ಚೆಂಡು ಒಬ್ಬಳ ಕೈ ಮುಟ್ಟುವಷ್ಟರಲ್ಲಿ ಇನ್ನೊಬ್ಬಳ ಕೈಯಲ್ಲಿ. ಎದುರಾಳಿಗಳು ಏಣಿಯೊಬ್ಬಳನ್ನು ಸುತ್ತುವರಿದರೆ ಸಾಕು ಎಂದು ವರ್ಷಗಟ್ಟಲೆ ಕಲಿತವರು; ಈಗ ಸುತ್ತುವರಿಯಲು ಯಾರೂ ಸಿಗಲಿಲ್ಲ. ಅವರ ಕೋಚ್ "ಯಾರನ್ನ ಹಿಡೀತಿದ್ದೀರೇ? ಯಾರನ್ನ?" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಅಂತರ ಕರಗುತ್ತಾ ಕರಗುತ್ತಾ ಕೊನೆಗೆ ಒಂದೇ ಪಾಯಿಂಟಿಗೆ ಬಂತು.

ಕೊನೆಯ ಕ್ಷಣ. ಉಳಿದ ನಾಲ್ವರ ಕೈಯನ್ನೂ ಹಾದು ಚೆಂಡು ಮೂಲೆಯಲ್ಲಿದ್ದ ನನ್ನ ಸೊಸೆಗೆ ಬಂತು. ಅವಳ ಎದುರು ಯಾರೂ ಇರಲಿಲ್ಲ. ಅವಳು ಅತ್ತಿತ್ತ ನೋಡಲಿಲ್ಲ. ಎತ್ತಿದಳು, ಹಾಕಿದಳು. ಚೆಂಡು ರಿಂಗಿನ ಮೇಲೆ ಸುತ್ತಿತು, ನನ್ನ ಜೀವವೂ ಅದರ ಜೊತೆ ಸುತ್ತಿತು, ಆಮೇಲೆ ಹೊರಗೆ ಬಿತ್ತು. ಸೋತೆವು. ಹಾಗಿದ್ದೂ ಕ್ರೀಡಾಂಗಣದಲ್ಲಿ ಒಬ್ಬರೂ ಕೂತಿರಲಿಲ್ಲ, ಎಲ್ಲರೂ ಎದ್ದು ನಿಂತಿದ್ದರು. ಕೂತಿದ್ದದ್ದು ನಿಮ್ಮ ಕಾರಿನಲ್ಲಿ ನೀವೊಬ್ಬರೇ.

ಈಗ ಒಂದು ಮಾತು ಕೇಳಲೇ? ಕಳೆದ ವರ್ಷ, ಏಣಿ ಇದ್ದಾಗ, ಇದೇ ತಂಡದ ಎದುರು ನಾವು ಇಪ್ಪತ್ತು ಪಾಯಿಂಟುಗಳಿಂದ ಮಣ್ಣು ಮುಕ್ಕಿದ್ದೆವು. ಆಗ ನೀವು ಹೇಳಿದ್ದು "ಮಹಾನ್ ಆಟಗಾರ್ತಿಯ ಏಕಾಂಗಿ ಹೋರಾಟ". ಒಬ್ಬಳು ಇಪ್ಪತ್ತರಿಂದ ಸೋತರೆ ಹೋರಾಟ, ಐವರು ಒಂದರಿಂದ ಸೋತರೆ ವಿಫಲ ಪದ್ಧತಿ. ಈ ಗಣಿತವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆ?

ವರದಿ ಓದಿ ಬಂದ ಸೊಸೆ ಬೂಟುಗಳನ್ನು ಅಟ್ಟದ ಮೇಲೆ ಎಸೆದಳು. ಅಡುಗೆ ಮಾಡಿದಳು, ಬಡಿಸಿದಳು, ತಾನು ತಿನ್ನಲಿಲ್ಲ. ಮಗ ಏನೋ ತಮಾಷೆ ಮಾಡಲು ಬಾಯಿ ತೆರೆದ. ನಾನು ಕಣ್ಣು ಬಿಟ್ಟೆ, ಮುಚ್ಚಿದ. ಎರಡು ದಿನ ಸಂಜೆ ಅವಳು ತಾಲೀಮಿಗೂ ಹೋಗದೆ ಮಿಕ್ಸಿ ತಿರುಗಿಸುತ್ತಾ ಅಡುಗೆಮನೆಯಲ್ಲೇ ಉಳಿದಳು. ಮೂರನೆಯ ಬೆಳಿಗ್ಗೆ ಫೋನು ಬಂತು. ಏಣಿ! ಯಾರೋ ಕಳಿಸಿದ ವಿಡಿಯೋದಲ್ಲಿ ಅವಳು ಎರಡನೆಯ ಅರ್ಧವನ್ನು ನೋಡಿದ್ದಳು, ಅಷ್ಟು ದೂರದಲ್ಲಿ ಕೂತು. ಸೊಸೆಯ ಕೈಯಲ್ಲಿ ಹಿಟ್ಟು ಮೆತ್ತಿದ್ದರಿಂದ ಸ್ಪೀಕರ್ ಹಾಕಿದವಳು ನಾನೇ.

"ಯಾಕೆ ಪ್ರಾಕ್ಟೀಸ್‌ಗೆ ಹೋಗ್ತಿಲ್ವಂತೆ?"

"ಹೆಂಗೆ ಹೋಗ್ಲಿ ಅಕ್ಕ? ನಾನೇ ತಪ್ಪಿಸ್ಬಿಟ್ಟೆ. ನೀನಿದ್ದಿದ್ರೆ ಗೆಲ್ತಿದ್ವಿ."

"ನಾನಿದ್ದಿದ್ರೆ ಆ ಚೆಂಡು ನಿನ್ನ ಕೈಗೆ ಬರ್ತಾನೇ ಇರ್ಲಿಲ್ಲ ಕಣೆ. ನನ್ನ ಸುತ್ತ ಮೂರು ಜನ ಇರೋರು, ಅವ್ರ ತಲೆ ಮೇಲಿಂದ ಎಸೀತಿದ್ದೆ. ನೀವು ನಾಲ್ವರೂ ಗೊಂಬೆಗಳ ಥರ ನಿಂತಿರ್ತಿದ್ರಿ. ನಂಗೆಷ್ಟು ಸುಸ್ತಾಗ್ತಿತ್ತು ಗೊತ್ತಾ? ಮಂಡಿ ನೋವು ಯಾರಿಗೂ ಹೇಳೋ ಹಾಗಿರ್ಲಿಲ್ಲ. ಇಲ್ಲಿ ಐದು ಜನ ಓಡ್ತಾರೆ. ನಾನೂ ಬೇರೆಯವ್ರಿಗೆ ಅಡ್ಡ ನಿಂತು ದಾರಿ ಮಾಡ್ಕೊಡ್ತೀನಿ." ಆಮೇಲೆ, "ಆ ಶಾಟ್ ಸರಿಯಾಗೇ ಇತ್ತು. ಮತ್ತೆ ಸಿಕ್ಕಿದ್ರೆ ಮತ್ತೆ ಹಾಕು" ಎಂದಳು.

ಸೊಸೆ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು, ಮುಖವೆಲ್ಲ ಬೆಳ್ಳಗಾಯಿತು. ಮಗ ಸದ್ದಿಲ್ಲದೆ ಸ್ಟೂಲು ಎಳೆದು ಬೂಟು ಇಳಿಸಿಕೊಟ್ಟ.

ಸಂಜೆ ನಾನೂ ಅವಳ ಜೊತೆ ಹೋದೆ. ನೀವು ಮನೆಗೆ ಕಳಿಸಹೊರಟ ಸೀಟಿ ಮೇಷ್ಟ್ರು ಏನೂ ಆಗದವರಂತೆ ನೆಲದ ಮೇಲೆ ತಾಲೀಮಿನ ಗುರುತಿನ ಬಿಲ್ಲೆಗಳನ್ನು ಜೋಡಿಸುತ್ತಿದ್ದರು. ಸೊಸೆ ಹೋಗಿ, "ಸರ್, ನಾನು ಬರೀ ಪಾಸ್ ಕೊಡ್ಬೇಕು, ಶಾಟ್ ಹಾಕೋ ಹಾಗಿಲ್ಲ ಅಂತ ವರದೀಲಿದೆ" ಎಂದಳು. ಅವರು ತಲೆ ಎತ್ತದೆ, "ನಿನ್ನೆದುರು ಯಾರಾದ್ರೂ ಇದ್ರೆ ಪಾಸ್ ಕೊಡು. ಇಲ್ದಿದ್ರೆ ಹಾಕು. ತಿಂಗಳ ಕೊನೆವರೆಗೂ ಇಲ್ಲಿ ಅಷ್ಟೇ ಕಾನೂನು" ಎಂದು ಸೀಟಿ ಊದಿದರು. ಉಳಿದವರು ಓಡಿ ಬಂದು ಇವಳಿಗೆ ಚೆಂಡು ಎಸೆದರು. ಮೊದಲನೆಯದು ತಪ್ಪಿತು. ಎರಡನೆಯದೂ. ಅವಳು ನಿಲ್ಲಿಸಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ವರದಿಯನ್ನು ಹಿಂತೆಗೆದುಕೊಳ್ಳಿ. ಋತು ಮುಗಿಯುವವರೆಗೆ ಕೋಚನ್ನು ಮುಟ್ಟಬೇಡಿ. ಮುಗಿದ ಮೇಲೂ ವಿಫಲವೆನಿಸಿದರೆ ಧಾರಾಳವಾಗಿ ಬರೆಯಿರಿ, ನಾನು ತುಟಿ ಪಿಟಿಕ್ ಎನ್ನುವುದಿಲ್ಲ. ಹೊಟ್ಟೆ ಕೊಯ್ದು ಇನ್ನೂ ಹೊಲಿಯುವ ಮೊದಲೇ ಆಪರೇಷನ್ ವಿಫಲ ಎಂದು ಘೋಷಿಸುವವರನ್ನು ನಮ್ಮ ಆಸ್ಪತ್ರೆಯಲ್ಲಿ ಬಾಗಿಲಾಚೆ ನಿಲ್ಲಿಸುತ್ತಿದ್ದೆವು. ನಿಮ್ಮನ್ನು ಒಳಗೆ ಕರೆಯುತ್ತಿದ್ದೇನೆ. ಈ ಭಾನುವಾರ ಬನ್ನಿ. ಕುರ್ಚಿ ಗಟ್ಟಿ, ಒಪ್ಪುತ್ತೇನೆ. ದಿಂಬು ನಾನು ತರುತ್ತೇನೆ. ಪೂರ್ತಿ ನಾಲ್ಕು ಕ್ವಾರ್ಟರ್ ಕೂತಿರಿ. ಗೆಲ್ಲುತ್ತೇವೆಂದು ನಾನು ಮಾತು ಕೊಡಲಾರೆ. ಕೊನೆಯ ಚೆಂಡು ಯಾರ ಕೈಯಿಂದ ಹೊರಡುತ್ತದೆಂದು ಸಹ ಹೇಳಲಾರೆ. ಅದನ್ನು ಹೇಳಲು ಈಗ ಎದುರಾಳಿಗಳಿಗೂ ಆಗುತ್ತಿಲ್ಲ.

ಇಂತಿ,
ನಿಮ್ಮ ಹಿಂದಿನ ಸಾಲಿನಲ್ಲಿ ಕೂತು, ನೀವು ಎದ್ದು ಹೋದ ಮೇಲೆ ಆಟ ಇನ್ನೂ ಚೆನ್ನಾಗಿ ಕಂಡವಳು,
ಗುರಿ ತಪ್ಪಿದವಳ ಅತ್ತೆ