ಅಪ್ಪನ ಮುಖ ಬರೆದವಳು

ಚಿತ್ರಶಾಲೆಯ ಮೇಲ್ವಿಚಾರಕರಿಗೆ ನಮಸ್ಕಾರ.

ಇದು ನನ್ನ ನಾಲ್ಕನೆಯ ಪತ್ರ. ಹಿಂದಿನ ಮೂರಕ್ಕೂ ‘ಪರಿಶೀಲಿಸುತ್ತೇವೆ’ ಎಂದಷ್ಟೇ ಉತ್ತರಿಸಿದಿರಿ. ಅಪ್ಪನ ಭಾವಚಿತ್ರದ ಕೆಳಗೆ ಈಗಲೂ ‘ಕಲಾವಿದರೇ ಬರೆದುಕೊಂಡದ್ದು’ ಎಂದೇ ಇದೆ.

ಅಪ್ಪ ಬರೆದದ್ದೆಲ್ಲ ಬೆಟ್ಟ, ಹೊಳೆ; ಒಂದು ಮುಖವನ್ನೂ ಬರೆದವರಲ್ಲ. ಕಾಲು ಮುರಿದು ಅವರು ಮನೆಯಲ್ಲಿದ್ದಾಗ, ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿ ಅದನ್ನು ಬರೆದವಳು ಅಮ್ಮ. ಮುಗಿದ ಮೇಲೆ ಅಪ್ಪ, “ಹಿಂದೆ ಬರೀ ಗೋಡೆ ಯಾಕೆ? ಕುಂಚ ಕೊಡೇ ಇಲ್ಲಿ,” ಎಂದು ಒಂದು ಬೆಟ್ಟ ಸೇರಿಸಿದರು. ಅದನ್ನು ನೋಡಿಯೇ ನಿಮ್ಮ ತಜ್ಞರು ಇಡೀ ಚಿತ್ರವನ್ನು ಅವರ ಹೆಸರಿಗೆ ಬರೆದುಬಿಟ್ಟರು.

ಹೋದ ವಾರ ಅಮ್ಮನನ್ನು ಕರೆತಂದಿದ್ದೆ. ಮೂಗು ತಾಗುವಷ್ಟು ಬಗ್ಗಿ ಚೀಟಿ ಓದಿದಳು. “ಹೋಗ್ಲಿ ಬಿಡು, ಮನೆಗೆ ಹೋಗೋಣ,” ಎಂದಳು.

ನಾನು ಬಿಡುವುದಿಲ್ಲ. ಅವಳ ಹೆಸರು ಹಾಕಿಸಿ. ಬೇಗ ಹಾಕಿಸಿ, ಅಕ್ಷರ ದೊಡ್ಡದಾಗಿರಲಿ.

ಇಂತಿ,
ಚಿತ್ರ ಬರೆದವಳ ಮಗಳು